ಶುಕ್ರವಾರದವರೆಗೆ ಉಸಿರಾಡಬೇಕಿದ್ದ ಆಮಾ

ವಾರ್ಸಿನಿಯ ಗುರುತಿನ ಕಾರ್ಡಿನಲ್ಲಿ ಎರಡು ಹೆಸರುಗಳು. ಮೇಲೆ ಅವಳದು, ಕೆಳಗೆ ಅವಳನ್ನು ಕೆಲಸಕ್ಕಿಟ್ಟುಕೊಂಡವರದು. ತೈವಾನಿಗೆ ಬಂದ ಹದಿನಾಲ್ಕು ವರ್ಷಗಳಲ್ಲಿ ಕೆಳಗಿನ ಹೆಸರು ಎರಡು ಸಲ ಬದಲಾಯಿತು. ಮೊದಲ ಮನೆಯ ಮುದುಕ ಸತ್ತ. ಎರಡನೆಯ ಮನೆಯ ಮುದುಕಿಯನ್ನು ಮಕ್ಕಳು ವೃದ್ಧಾಶ್ರಮಕ್ಕೆ ಸೇರಿಸಿದರು. ಮೂರನೆಯದು ನಮ್ಮೂರು ಕೋಹುವಿನ ತ್ಸೈ ಮನೆ. ಅಲ್ಲಿ ಯೂಕ್ವೇ ಎಂಬ ತೊಂಬತ್ತೊಂದರ ಆಮಾಳನ್ನು ನೋಡಿಕೊಳ್ಳುವ ಕೆಲಸ. ಆಮಾ ಎಂದರೆ ಅಜ್ಜಿ. ಈ ಕಡಲ ಕರೆಯಲ್ಲಿ ಹಲ್ಲುದುರಿದ ಹೆಂಗಸರೆಲ್ಲ ಊರಿಗೇ ಆಮಾ.

"ನಂಗೇನು ದೊಡ್ಡ ಆಸೆ ಇಲ್ಲ ಅಕ್ಕಾ," ಎಂದು ವಾರ್ಸಿನಿ ಭಾನುವಾರ ನಮ್ಮ ಅಂಗಡಿಗೆ ತೆಂಪೆ, ಊರಿನ ಹುದುಗಿಸಿದ ಸೋಯಾ ಬಿಲ್ಲೆ, ಕೊಳ್ಳಲು ಬಂದಾಗೆಲ್ಲ ಹೇಳುತ್ತಿದ್ದಳು. "ಕೆಳಗಡೆ ಯಾರ ಹೆಸರೂ ಇಲ್ಲದ ಕಾರ್ಡೊಂದು ಸಿಕ್ಕಿದ್ರೆ ಸಾಕು. ಬರೀ ನನ್ನ ಹೆಸರು. ನೋಡೋಕೆ ಹೇಗಿರುತ್ತೆ ಅಂತ."

ನಾವಿಬ್ಬರೂ ಜಾವಾದ ತುಲುಂಗಾಗುಂಗ್ ಕಡೆಯವರು. ನಾನು ಇಲ್ಲಿಯವನನ್ನು ಮದುವೆಯಾದೆ, ನನ್ನ ಕಾರ್ಡಿನ ಗೊಡವೆ ತೀರಿತು. ಮದುವೆಯಾಗದೆ, ಬರೀ ದುಡಿದು ಇಲ್ಲೇ ಉಳಿಯುತ್ತೇನೆ ಎನ್ನುವವಳ ದಾರಿ ಬೇರೆ. ಅವಳು ಮೊದಲು 'ಮಧ್ಯಮ ಕೌಶಲದ ಕೆಲಸಗಾರ್ತಿ' ಅನ್ನಿಸಿಕೊಳ್ಳಬೇಕು. ಹಾಗೆ ಅನ್ನಿಸಿಕೊಂಡು ಐದು ವರ್ಷ, ನಡುವೆ ಬಿರುಕಿಲ್ಲದೆ, ದುಡಿಯಬೇಕು. ಆಮೇಲೆ ಕಾಯಂ ವಾಸಕ್ಕೆ ಅರ್ಜಿ. ಅದಕ್ಕೂ ಹಿಂದೆ ಅವಳು ಎತ್ತಿದ, ತೊಳೆದ, ಒರೆಸಿದ ಹನ್ನೊಂದು ವರ್ಷಗಳು ಯಾವ ಜಮೆಗೂ ಇಲ್ಲ. ಹಾಸಿಗೆ ಹಿಡಿದವರ ಬೆನ್ನಿಗೆ ಒಂದು ಹುಣ್ಣೂ ಏಳದಂತೆ ಹದಿನಾಲ್ಕು ವರ್ಷ ಕಾಪಾಡಿದ ಕೈಯನ್ನು ಮಧ್ಯಮ ಎಂದು ಕರೆದವನು ಯಾರೋ, ಅವನ ಅವ್ವನನ್ನು ಎತ್ತುವ ಕೈ ಯಾವ ದರ್ಜೆಯದೋ, ನನಗೆ ತಿಳಿಯುವ ಆಸೆಯಿದೆ.

ಐದರಲ್ಲಿ ಮೂರು ವರ್ಷ ಮುಗಿದಿತ್ತು. ಮೂರು ವರ್ಷದ ಪರ್ಮಿಟ್ಟೂ ಮುಗಿಯುತ್ತಿತ್ತು. ಅದನ್ನು ಮುಂದುವರಿಸಿಕೊಂಡರೆ ಉಳಿದೆರಡು ವರ್ಷ ತಾನಾಗಿ ದಾಟುತ್ತದೆ. ಮುಂದುವರಿಕೆಯ ಅರ್ಜಿಯನ್ನು ಮನೆಯ ಯಜಮಾನ ಹಾಕಬೇಕು, ಅಂದರೆ ಆಮಾಳ ಹಿರಿಮಗ ತ್ಸೈ ಮಿಂಗ್‌ತೆ. ಮರುವಾಯಿ ಚಿಪ್ಪು ಸಾಕುವ ನಾಲ್ಕು ಹೊಂಡಗಳ ಒಡೆಯ. ಕೆಟ್ಟವನಲ್ಲ. ಸಹಿ ಹಾಕು ಎಂದರೆ ಹಾಕುವವನು, ಹಾಕು ಎಂದು ಹೇಳುವವರೆಗೆ ಹಾಕದವನು. ಹೇಳಬೇಕಾದವನು ನಮ್ಮನ್ನು ಮನೆಗಳಿಗೆ ಸೇರಿಸುವ ಏಜೆಂಟ್ ಕೋ. ಅವನು ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಹಳಬಳು ಹೋಗಿ ಹೊಸಬಳು ಬಂದರೆ ಅವನಿಗೆ ಹೊಸ ಕಮಿಷನ್ನಿನ ಲಾಭ. ನಮ್ಮ ಕೆಲಸದ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ ಇದು, ಸರ್ಕಾರಕ್ಕೊಂದು ಬಿಟ್ಟು. ಕೊನೆಗೆ ವಾರ್ಸಿನಿಯೇ ಅರ್ಜಿ ತಂದು, ತುಂಬಿಸಿ, ಮಿಂಗ್‌ತೆಯ ಸಹಿಯ ಬದಲು ಒತ್ತುವ ಹೆಸರಿನ ಮುದ್ರೆಯನ್ನು ಅವನ ಕೈಗೇ ಕೊಟ್ಟು ಒತ್ತಿಸಿದಳು. ಮಂಜೂರಾತಿ ಪತ್ರ ಬಂತು. ಹಳೆಯ ಪರ್ಮಿಟ್ ಗುರುವಾರ ಮುಗಿಯುತ್ತದೆ, ಹೊಸದು ಶುಕ್ರವಾರ ಶುರು.

ಆಮಾ ಆಸ್ಪತ್ರೆ ಸೇರಿದ್ದು ಅದೇ ವಾರದ ಸೋಮವಾರ.

ಆಮಾ ಎಂಥವಳು ಎಂದು ಹೇಳದೆ ಮುಂದೆ ಹೋದರೆ ಅನ್ಯಾಯ. ಗಂಡ ಸತ್ತ ಮೇಲೆ ನಲವತ್ತು ವರ್ಷ ಕಡಲ ಸಿಂಪಿಯ ಚಿಪ್ಪು ಒಡೆದವಳು. ಹೆಬ್ಬೆರಳು ಕೊಕ್ಕೆಯಂತೆ ಸೊಟ್ಟಗಾಗಿತ್ತು. ಬಾಯಿ ಬಿಟ್ಟರೆ ಬೈಗುಳ. ವಾರ್ಸಿನಿಯನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

"ಏ ಹಾಳಾದೋಳೆ, ಗಂಜಿಗೆ ಗೆಣಸು ಹಾಕಿದ್ಯೋ, ಗೆಣಸಿಗೆ ಗಂಜಿ ಹಾಕಿದ್ಯೋ?"

"ನಿಮ್ಗೆ ಹಲ್ಲಿಲ್ಲ ಆಮಾ, ಯಾವುದಾದ್ರೇನು, ನುಂಗಿ."

"ನಿಂಗೆ ನಾಲಿಗೆ ಕಲಿಸಿದೋಳು ನಾನೇ, ನನ್ ಕರ್ಮ!"

ಅದು ನಿಜ. ವಾರ್ಸಿನಿ ಈ ಊರಿನ ಮಾತು ಕಲಿತದ್ದು ಆಮಾಳಿಂದ, ಮಧ್ಯಾಹ್ನದ ಇಸ್ಪೀಟಿನಲ್ಲಿ. ಕಲಿತ ಮೊದಲ ಇಪ್ಪತ್ತು ಪದಗಳು ಯಾವ ಕಚೇರಿಯಲ್ಲೂ ಆಡುವಂಥವಲ್ಲ. ವಾರ್ಸಿನಿ ಹಂದಿ ತಿನ್ನುವುದಿಲ್ಲವೆಂದು ಆಮಾ ಅವಳಿಗೆ ಬೇರೆ ಬಾಣಲೆ ಕೊಡಿಸಿ, ಹಿಡಿಗೆ ಕೆಂಪು ದಾರ ಕಟ್ಟಿಸಿದ್ದಳು. ಸೊಸೆ ಮರೆತು ಅದನ್ನು ಮುಟ್ಟಿದರೆ ಹಾಸಿಗೆಯಿಂದಲೇ ಕಿರುಚುತ್ತಿದ್ದಳು.

ಹೋದ ಚಳಿಗಾಲದಲ್ಲಿ, ಮಗ ಸೊಸೆಯರ ಎದುರಿಗೇ, ಆಮಾ ಒಂದು ಮಾತು ಹೇಳಿದ್ದಳು. "ನನ್ನ ಬಾಯಿಗೆ ಕೊಳವೆ ತುರುಕಿ ಮೀನಿನ ಥರ ತೂಗುಹಾಕ್ಬೇಡ್ರಿ. ಹಾಕಿದ್ರೋ, ದೆವ್ವ ಆಗಿ ಬಂದು ಒಬ್ಬೊಬ್ಬರ ಕಾಲು ಎಳೀತೀನಿ." ಎಲ್ಲರೂ ನಕ್ಕಿದ್ದರು. ವಾರ್ಸಿನಿ ನಗಲಿಲ್ಲ. ಕಾಲು ಎಳೆಯುವುದಾದರೆ ಮೊದಲು ತನ್ನದೇ ಎಂದು ಅವಳಿಗೆ ಗೊತ್ತಿತ್ತಂತೆ.

ಸೋಮವಾರ ಆಸ್ಪತ್ರೆಯವರು ಕೊಳವೆ ಹಾಕಿದರು. ಮಿಂಗ್‌ತೆ ಗಾಬರಿಯಲ್ಲಿ ಹೂಂ ಅಂದಿದ್ದ. ಮಂಗಳವಾರ ಏಜೆಂಟ್ ಕೋ ವಾರ್ಸಿನಿಗೆ ಫೋನ್ ಮಾಡಿದ.

"ಆನಿ, ಅಜ್ಜಿ ಹೆಂಗಿದಾಳೆ?" ಅವನಿಗೆ ನಮ್ಮ ಕಡೆಯ ಹೆಂಗಸರೆಲ್ಲ ಆನಿಯರೇ.

"ಚೆನ್ನಾಗಿಲ್ಲ."

"ಶುಕ್ರವಾರದವರೆಗೆ ಇರ್ತಾಳಾ?"

ವಾರ್ಸಿನಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನೋಡು, ನಾನು ಕೆಟ್ಟದ್ದಕ್ಕೆ ಹೇಳ್ತಿಲ್ಲ. ಶುಕ್ರವಾರ ಅಜ್ಜಿಗೆ ಉಸಿರಿದ್ರೆ ಹೊಸ ಪರ್ಮಿಟ್ ಶುರುವಾಗುತ್ತೆ. ಆಮೇಲೆ ಅವಳು ಹೋದ್ರೂ ನೀನು ಅದೇ ಪರ್ಮಿಟ್ಟಲ್ಲಿ ಬೇರೆ ಮನೆಗೆ ಹೋಗ್ಬೋದು, ನಿನ್ನ ಐದು ವರ್ಷ ಓಡ್ತಾ ಇರುತ್ತೆ. ಗುರುವಾರನೇ ಹೋದ್ಲೋ, ಪತ್ರ ರದ್ದು. ಅರವತ್ತು ದಿನದಲ್ಲಿ ನಿನ್ನನ್ನ ಇದೇ ದರ್ಜೇಲಿ ತಗೊಳ್ಳೋ ಮನೆ ಹುಡುಕ್ಕೋಬೇಕು. ಸಿಗಲಿಲ್ಲ ಅಂದ್ರೆ ವಿಮಾನ ಹತ್ತು. ಮೂರು ವರ್ಷ ನೀರಿಗೆ ಬಿತ್ತು ಅನ್ಕೋ."

ಒಬ್ಬ ಹೆಂಗಸಿನ ಇರುವಿಕೆಯನ್ನು ಇನ್ನೊಬ್ಬಳ ಎದೆಯ ಏರಿಳಿತಕ್ಕೆ ಕಟ್ಟಿದ ಕಾನೂನು ಬರೆದವರು ರಾತ್ರಿ ಹೇಗೆ ನಿದ್ದೆ ಮಾಡುತ್ತಾರೆ? ಸುಖವಾಗಿಯೇ ಮಾಡುತ್ತಾರೆ. ಅವರ ಮನೆಯ ಮುದುಕರ ಮಗ್ಗುಲು ಬದಲಿಸಲು ಯಾರೋ ಒಬ್ಬ ಆನಿ ಎದ್ದಿರುತ್ತಾಳಲ್ಲ.

ಗುರುವಾರ ಬೆಳಿಗ್ಗೆ ಡಾಕ್ಟರು ಕೈ ಚೆಲ್ಲಿದರು. ಇನ್ನು ಮನೆಗೆ ಕರೆದುಕೊಂಡು ಹೋಗಿ, ಅಲ್ಲಿ ಕೊಳವೆ ತೆಗೆಯಬಹುದು ಎಂದರು. ಈ ಊರಲ್ಲಿ ಯಾರನ್ನೂ ಹೊರಗೆ ಸಾಯಲು ಬಿಡುವುದಿಲ್ಲ. ಹೊರಗೆ ಸತ್ತವರನ್ನು ಹೊಸ್ತಿಲು ದಾಟಿಸುವಂತಿಲ್ಲ. ಆದ್ದರಿಂದ ಒಂದು ಉಸಿರು ಉಳಿದಿರುವಂತೆಯೇ, ಕೊಳವೆಗೆ ರಬ್ಬರಿನ ಚೀಲ ಸಿಕ್ಕಿಸಿ, ಅದನ್ನು ಕೈಯಲ್ಲಿ ಒತ್ತುತ್ತ, ಮನೆಯ ನಡುಹಜಾರದವರೆಗೆ ತರುತ್ತಾರೆ.

ಆಂಬುಲೆನ್ಸಿನಲ್ಲಿ ಚೀಲ ಹಿಡಿದವಳು ವಾರ್ಸಿನಿ. ಆಂಬುಲೆನ್ಸಿನವನೇ ಒತ್ತಬೇಕಾದ್ದು. ಆದರೆ ಅವಳ ಕೈ ನೋಡಿ, "ನಂಗಿಂತ ನೀವೇ ಚೆನ್ನಾಗಿ ಒತ್ತೀರಿ," ಎಂದು ಪಕ್ಕಕ್ಕೆ ಸರಿದನಂತೆ. ಮಧ್ಯಮ ಕೌಶಲ! ಮಿಂಗ್‌ತೆ ತಲೆಯ ಕಡೆ ಕೂತು, ಆತ್ಮ ದಾರಿ ತಪ್ಪಬಾರದೆಂದು, ಬಂದ ಬಂದ ಗುರುತನ್ನೆಲ್ಲ ಕೂಗಿ ಹೇಳುತ್ತಿದ್ದ. "ಅವ್ವಾ, ಸೇತುವೆ ಬಂತು, ದಾಟ್ತಿದೀವಿ! ಅವ್ವಾ, ಬಲಕ್ಕೆ ತಿರುಗ್ತಿದೀವಿ, ಹಿಂದೇ ಬಾ! ಅವ್ವಾ, ನಮ್ಮ ಹೊಂಡ ಬಂತು!"

ಮನೆ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಹಜಾರದಲ್ಲಿ ಹಲಗೆ ಹಾಕಿ, ದೇವರ ಪಟಗಳಿಗೆ ಕೆಂಪು ಕಾಗದ ಮುಚ್ಚಿ, ಎಲ್ಲ ಸಿದ್ಧವಾಗಿತ್ತು. ಆಂಬುಲೆನ್ಸಿನವನು ಕೈಗವಸು ಹಾಕಿಕೊಂಡು, "ತೆಗೀಲಾ?" ಎಂದು ಕೇಳಿದ.

"ತಡಿ," ಅಂದಳು ಸೊಸೆ. "ಈಗ್ಲಾ? ಮಧ್ಯಾಹ್ನದ ಊಟ ಆಗೋಯ್ತಲ್ಲ!"

ಇಲ್ಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿರಿಯರು ಬೆಳಗಿನ ಊಟಕ್ಕೆ ಮೊದಲು ಹೋದರೆ ಆ ದಿನದ ಮೂರೂ ಊಟ ಮಕ್ಕಳಿಗೆ ಬಿಟ್ಟುಹೋದಂತೆ, ವಂಶಕ್ಕೆ ಅನ್ನ. ಮಧ್ಯಾಹ್ನ ಕಳೆದು ಹೋದರೆ ಎರಡು ಊಟ ತಿಂದುಕೊಂಡು ಹೋದಂತೆ. ಮಿಂಗ್‌ತೆ ಗೋಡೆಯ ಗಡಿಯಾರ ನೋಡಿದ, ಹೆಂಡತಿಯ ಮುಖ ನೋಡಿದ, ತನ್ನ ಹೊಂಡಗಳನ್ನು ನೆನೆದನೋ ಏನೋ.

"ನಾಳೆ ಬೆಳಗಿನ ಜಾವ ತೆಗೆಯೋಣ," ಎಂದ. "ಐದು ಗಂಟೆಗೆ. ಆನಿ, ಅಲ್ಲೀವರೆಗೆ ಒತ್ತಬಲ್ಲೆಯಲ್ಲ?" ಆಮೇಲೆ, ಏನೋ ದೊಡ್ಡ ಉಪಕಾರ ಹೊಳೆದವನಂತೆ ದನಿ ತಗ್ಗಿಸಿ, "ನಾಳೆ ಶುಕ್ರವಾರ. ನಿನ್ನ ಪರ್ಮಿಟ್ಟೂ ಉಳಿಯುತ್ತೆ. ಇಬ್ಬರಿಗೂ ಒಳ್ಳೇದೇ ಆಯ್ತಲ್ಲ!"

ಓದುವವರೇ, ನಾನು ಈ ಜಾಗದಲ್ಲಿ ನನ್ನನ್ನು ನಿಲ್ಲಿಸಿ ನೋಡಿದ್ದೇನೆ. ನಾನಾಗಿದ್ದರೆ ಒತ್ತುತ್ತಿದ್ದೆ. ಕೈ ಸೋತರೆ ಮೊಣಕೈಯಲ್ಲಿ, ಮೊಣಕೈ ಸೋತರೆ ಮೊಣಕಾಲಲ್ಲಿ ಒತ್ತುತ್ತಿದ್ದೆ. ಹದಿನಾರು ಗಂಟೆ ಏನು ಮಹಾ, ಹದಿನಾಲ್ಕು ವರ್ಷದ ಮುಂದೆ?

ವಾರ್ಸಿನಿ ಆಮಾಳ ಬಾಯಿ ನೋಡಿದಳು. ಕೊಳವೆಯ ಪಟ್ಟಿ ಎಳೆದು ತುಟಿಯ ಮೂಲೆ ಸೀಳಿತ್ತು. ಸೊಟ್ಟ ಹೆಬ್ಬೆರಳು ಹಲಗೆಯ ಅಂಚನ್ನು ಕೆರೆಯುತ್ತಿತ್ತು. ಸಿಂಪಿ ಒಡೆಯುವಂತೆಯೇ, ಒಂದೇ ಕಡೆಗೆ.

"ಒತ್ತಲ್ಲ," ಅಂದಳು.

"ಏನು?"

"ನಾನು ಒತ್ತಲ್ಲ ಯಜಮಾನ್ರೇ. ಆಮಾ ನಿಮ್ಮ ಮುಂದೆನೇ ಹೇಳಿದ್ರು, ಮೀನಿನ ಥರ ತೂಗುಹಾಕ್ಬೇಡಿ ಅಂತ. ಮೂರು ಊಟ ಬೇಕಿದ್ರೆ ತಗೊಳ್ಳಿ, ನೀವೇ ಒತ್ತಿ." ಎರಡು ಉಸಿರಿನ ನಡುವೆ ತಪ್ಪದಂತೆ, ಚೀಲವನ್ನು ಅವನ ಕೈಗಿಟ್ಟಳು.

"ಎಷ್ಟು ಸೊಕ್ಕು ಇವಳಿಗೆ!" ಅಂದಳು ಸೊಸೆ. "ಇವಳ ಒಳ್ಳೇದಕ್ಕೂ ಸೇರಿಸಿ ಹೇಳಿದ್ರೆ!"

ಮಿಂಗ್‌ತೆ ಒತ್ತಿದ. ಮೂರು ದಿನದಲ್ಲಿ ಮೊದಲ ಸಲ ಅವ್ವನ ಮುಖವನ್ನು ಒಂದು ಗೇಣಿನ ದೂರದಿಂದ ನೋಡಿದ. ಒತ್ತಿದಾಗೆಲ್ಲ ಆ ಬಡಕಲು ಎದೆ ಉಬ್ಬುತ್ತಿತ್ತು, ಬಿಟ್ಟಾಗ ಕುಸಿಯುತ್ತಿತ್ತು. ಹತ್ತು ನಿಮಿಷವೂ ಆಗಿರಲಿಲ್ಲ ಎಂದು ಆಂಬುಲೆನ್ಸಿನವನು ಆಮೇಲೆ ನನಗೆ ಹೇಳಿದ. ಅರವತ್ತಾರು ವರ್ಷದ ಗಂಡಸು ಮಗುವಿನಂತೆ ಬಿಕ್ಕಿ, "ತೆಗಿ, ತೆಗೆದುಬಿಡು," ಎಂದನಂತೆ.

ಎರಡೂವರೆಗೆ ಆಮಾ ಹೋದಳು. ವಾರ್ಸಿನಿ ಮೈ ಒರೆಸಿದಳು. ತುಟಿಯ ಸೀಳಿಗೆ ಮುಲಾಮು ಹಚ್ಚಿದಳು. ಸತ್ತವರಿಗೆ ಮುಲಾಮು ಏಕೆ ಎಂದು ಸೊಸೆ ಕೇಳಿದಳು. ವಾರ್ಸಿನಿ ಮುಲಾಮಿನ ಮುಚ್ಚಳ ತಿರುಗಿಸಿದಳು.

ಮೂರನೆಯ ದಿನ ನಾನು ಮಿಂಗ್‌ತೆಯ ಮನೆಗೆ ಹೋದೆ. ವಾರ್ಸಿನಿ ಕಳಿಸಿದ್ದಲ್ಲ, ಗೊತ್ತಾಗಿದ್ದರೆ ತಡೆಯುತ್ತಿದ್ದಳು. ಅವಳಿಗೆ ಹೊಸ ಮನೆ ಸಿಗುವಂತೆ ನಾಲ್ಕು ಮಾತು ಬರೆದುಕೊಡಿ, ನಿಮ್ಮ ನೆಂಟರಲ್ಲಿ ಯಾರಿಗಾದರೂ ಹೇಳಿ ಎಂದು ಕೇಳಲು ಹೋಗಿದ್ದೆ. ಮೇಜಿನ ಮೇಲೆ ನೆಂಟರಿಗೆ ಹಂಚುವ ಸಾವಿನ ಪತ್ರಗಳ ಕಟ್ಟು, ಅಚ್ಚಿನ ವಾಸನೆ ಆರಿರಲಿಲ್ಲ. ಒಂದನ್ನು ತೆಗೆದು ಓದಿದೆ. 'ಶುಕ್ರವಾರ, ಬೆಳಗಿನ ಜಾವ.'

"ಇದೇನು ಮಿಂಗ್‌ತೆ ಅಣ್ಣ? ಶುಕ್ರವಾರನಾ?"

ಅವನು ಕತ್ತು ಉಜ್ಜಿಕೊಂಡ. "ಅದು... ನೆಂಟರಿಷ್ಟರಿಗೆ ಅತ್ತಿಗೆ. ಪಿತೃಗಳಿಗೆ. ಮಕ್ಕಳು ಮೊಮ್ಮಕ್ಕಳ ಒಳ್ಳೇದು ನೋಡ್ಬೇಕಲ್ಲ."

"ಸರ್ಕಾರಕ್ಕೆ ಕೊಟ್ಟ ಕಾಗದದಲ್ಲಿ?"

"ಗುರುವಾರ ಎರಡೂವರೆ. ಅಲ್ಲಿ ಸುಳ್ಳು ಬರೆಯೋಕಾಗುತ್ತಾ? ನಾನು ಕಾನೂನಿಗೆ ಹೆದರೋ ಮನುಷ್ಯ."

ಕಾನೂನಿಗೆ ಹೆದರುವವನು ಪಿತೃಗಳಿಗೆ ಹೆದರಲಿಲ್ಲ. ಅವನು ಸರ್ಕಾರಕ್ಕೂ ಸುಳ್ಳು ಬರೆಯಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ವಾರ್ಸಿನಿ ಹಾಗೆ ಕೇಳುವವಳೂ ಅಲ್ಲ. ನನ್ನ ಸಿಟ್ಟು ಬೇರೆ. ಈ ಮನೆಯವರ ಮೂರು ಊಟಕ್ಕೆ ಒಂದು ಸಾವು ಹದಿನಾಲ್ಕೂವರೆ ಗಂಟೆ ಮುಂದೆ ಸರಿಯುತ್ತದೆ, ಅಚ್ಚಾಗುತ್ತದೆ, ಊರೆಲ್ಲ ಒಪ್ಪಿ ತಲೆ ಬಾಗಿಸುತ್ತದೆ. ಆಮಾಳ ಮೈ ತೊಳೆದವಳ ಮೂರು ವರ್ಷಕ್ಕೆ ಮಾತ್ರ ನಿಮಿಷ ಕೂಡ ಕದಲುವುದಿಲ್ಲ. ಕದಲಿಸಬಹುದಾದ ದಾರಿ ಎಂದು ಕಾನೂನು ಅವಳಿಗೆ ತೋರಿಸಿದ್ದಾದರೂ ಏನನ್ನು? ಸಾಯುತ್ತಿರುವ ಮುದುಕಿಯ ಬಾಯಿಗೆ ಸಿಕ್ಕಿಸಿದ ರಬ್ಬರಿನ ಚೀಲವನ್ನು. ಅದನ್ನು ಅವಳು ಒತ್ತಲಿಲ್ಲ. ಒಳ್ಳೆಯತನಕ್ಕೆ ಈ ನಾಡಿನಲ್ಲಿ ಅರವತ್ತು ದಿನದ ಗಡುವು ಸಿಕ್ಕಿತು.

ಮೊದಲ ಐವತ್ತು ದಿನದಲ್ಲಿ ಅವಳು ಒಂಬತ್ತು ಮನೆ ನೋಡಿದಳು. ಕೆಲವರಿಗೆ ಅವಳ ದರ್ಜೆಯ ಸಂಬಳ ಹೆಚ್ಚಾಯಿತು. ಕೆಲವರಿಗೆ ವಯಸ್ಸು ಹೆಚ್ಚಾಯಿತು, ನಲವತ್ತೇಳು. ಒಬ್ಬ ಯಜಮಾನಿತಿ, "ಹಳೇ ಮನೇಲಿ ಎದುರು ಮಾತಾಡಿದ್ಯಂತೆ?" ಎಂದಳು. ಸುದ್ದಿ ಹೊಂಡಗಳ ಬದುವಿನ ಮೇಲೆ ಸ್ಕೂಟರಿಗಿಂತ ಬೇಗ ಓಡುತ್ತದೆ.

ಆದರೆ ಅವಳನ್ನು ಹಿಂಡಿದ್ದು ಅದಲ್ಲ. ನಲವತ್ತನೆಯ ದಿನದ ಹೊತ್ತಿಗೆ, ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳಿದಳು. "ಇವತ್ತೊಂದು ಮನೇಲಿ ಮುದುಕಪ್ಪನ ಕಾಲು ನೋಡ್ದೆ ಅಕ್ಕಾ, ಊದಿತ್ತು. ಉಗುರು ನೋಡ್ದೆ, ನೀಲಿ. ಇದು ಎರಡು ವರ್ಷ ತಡೆಯಲ್ಲ ಅಂತ ಅಂದ್ಕೊಂಡು ಎದ್ದು ಬಂದೆ. ಮನುಷ್ಯರನ್ನ ಸಂತೇಲಿ ಮೇಕೆ ನೋಡೋ ಹಾಗೆ ನೋಡ್ತಿದೀನಿ. ಇಂಥೋಳಾಗ್ಬಿಟ್ಟೆ ನಾನು."

"ನೀನಾಗಿದ್ದಲ್ಲ, ನಿನ್ನನ್ನ ಹಾಗೆ ಮಾಡಿದ್ದು," ಎಂದೆ.

"ಯಾರು ಮಾಡಿದ್ರೂ ನೋಡಿದ ಕಣ್ಣು ನಂದಲ್ವಾ?"

ಐವತ್ತಮೂರನೆಯ ದಿನ ಸಿಕ್ಕವನು ಹಳೆಯ ಸಿಂಪಿ ದೋಣಿಯವನು, ವೂ ಆಕೋಂಗ್. ಆಕೋಂಗ್ ಎಂದರೆ ಅಜ್ಜ. ಎಂಬತ್ತಾರು ವರ್ಷ, ಸೊಂಟ ಮುರಿದುಕೊಂಡಿದ್ದ, ನಾಲಿಗೆ ಮಾತ್ರ ಮುರಿದಿರಲಿಲ್ಲ. ಯೂಕ್ವೇ ಆಮಾಳ ಇಸ್ಪೀಟಿನ ಜೊತೆಗಾರ ಕೂಡ. ಅವಳ ಕೈಲಿ ಸೋತು ಬೈಸಿಕೊಂಡವನು. ವಾರ್ಸಿನಿ ಅಭ್ಯಾಸಬಲದಿಂದ ಅವನ ಉಗುರು ನೋಡಿದಳು. ಮುದುಕ ಅದನ್ನು ಕಂಡುಹಿಡಿದ.

"ಎಷ್ಟು ದಿನ ಬೇಕು ನಿಂಗೆ ನನ್ನಿಂದ?"

ಅವಳ ಕಿವಿ ಕೆಂಪಾಯಿತು. "ಎರಡು ವರ್ಷ, ಆಕೋಂಗ್."

"ಎರಡು ವರ್ಷ! ನನ್ನ ಹೆಂಡ್ತಿ ಕೂಡ ಅಷ್ಟು ಕೇಳಿರ್ಲಿಲ್ಲ." ಸ್ವಲ್ಪ ಯೋಚಿಸಿ, "ಸಿಗರೇಟು ಬಿಡು ಅಂತೀಯಾ?"

"ಅಂತೀನಿ."

"ಹಾಳಾದೋಳು. ಯೂಕ್ವೇ ಕಲಿಸಿದ್ದು ಹೋಗುತ್ತಾ?"

ಮುದುಕ ಒಪ್ಪಿದ. ಮಗನೂ ಒಪ್ಪಿದ. ಆದರೆ ಹೊಸಬರನ್ನು ಮನೆ ತುಂಬಿಸಿಕೊಳ್ಳಲು ಪಂಚಾಂಗ ನೋಡಿ, ಮುಂದಿನ ಹುಣ್ಣಿಮೆ ಕಳೆದ ಮೇಲೆ ಮುದ್ರೆ ಒತ್ತೋಣ ಎಂದ. ನಾನು ಕ್ಯಾಲೆಂಡರು ಎಣಿಸಿದೆ. ಅದು ಅರವತ್ತೆರಡನೆಯ ದಿನ. ಏಜೆಂಟ್ ಕೋಗೆ ಫೋನ್ ಮಾಡಿದೆ.

"ಎರಡೇ ದಿನ ಅಲ್ವಾ ಅಕ್ಕ," ಎಂದ. "ಅವಳ ನಸೀಬು."

ನಸೀಬಂತೆ! ಅವನ ಕುರ್ಚಿಯಲ್ಲಿ ಕೂತವರೆಲ್ಲ ತಮ್ಮ ಸೋಮಾರಿತನಕ್ಕೆ ಇಟ್ಟುಕೊಂಡ ಹೆಸರು ಅದು. ಅವಳ ಮುಂದುವರಿಕೆಯ ಅರ್ಜಿಯ ಮೇಲೆ ನಾಲ್ಕು ತಿಂಗಳು ಸುಮ್ಮನೆ ಕೂತಿದ್ದವನೂ ಇವನೇ.

ಅರ್ಜಿ ಹಿಡಿದು ನಾನೇ ವಾರ್ಸಿನಿಯ ಜೊತೆ ಹೋದೆ, ಐವತ್ತೆಂಟನೆಯ ದಿನ, ಬೆಳಿಗ್ಗೆ. ಮಗ ಹುಣ್ಣಿಮೆಯ ಮಾತು ತೆಗೆದ. ಮುದುಕ ಹಾಸಿಗೆಯಿಂದಲೇ ಕೇಳಿದ:

"ಈ ಮನೆ ಯಾರ ಹೆಸರಲ್ಲಿದೆಯೋ?"

"ನಿಮ್ಮ ಹೆಸರಲ್ಲೇ ಅಪ್ಪಾ, ಅದಕ್ಕೂ ಇದಕ್ಕೂ..."

"ಹೊರೋದು ನನ್ನನ್ನ. ತೊಳೆಯೋದು ನನ್ನನ್ನ. ಮುಹೂರ್ತ ನಿಂದಾ?" ದಿಂಬಿನ ಕೆಳಗೆ ಕೈ ಹಾಕಿ ಒಂದು ಮರದ ಮುದ್ರೆ ತೆಗೆದ. ಸಿಂಪಿಯ ರಶೀದಿಗೆ ಒತ್ತುತ್ತಿದ್ದದ್ದು, ಅಂಚು ಸವೆದಿತ್ತು. "ಯಜಮಾನ ಅಂತ ನನ್ನ ಹೆಸರೇ ಬರೀರಿ. ಎಲ್ಲಿ ಒತ್ತಬೇಕು, ತೋರ್ಸು."

ವಾರ್ಸಿನಿ ತೋರಿಸಿದಳು. ಮೂರು ಕಡೆ. ಮೂರನೆಯದು ಸ್ವಲ್ಪ ಸೊಟ್ಟಗೆ ಬಿತ್ತು. ಅದೇ ಮಧ್ಯಾಹ್ನ ಅರ್ಜಿ ಕೊಡಲು ಹೋದಾಗ ಸರ್ಕಾರಿ ಕಚೇರಿಯ ಹುಡುಗಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ತೆಗೆದುಕೊಂಡಳು.

ಹೊಸ ಕಾರ್ಡು ಬಂದಿದೆ. ಅಂಗಡಿಗೆ ತಂದು ತೋರಿಸಿದಳು. ಮೇಲೆ ಅವಳ ಹೆಸರು, ಕೆಳಗೆ ವೂ ಆಕೋಂಗನದು. ಇನ್ನೂ ಎರಡು ವರ್ಷ ಅದು ಅಲ್ಲೇ ಇರಬೇಕು. ಎಂಬತ್ತಾರರ ಒಂದು ಹೃದಯ, ಸಿಗರೇಟಿನ ಎರಡು ಶ್ವಾಸಕೋಶ. ಇವುಗಳ ಮೇಲೆ ಸರ್ಕಾರ ನಲವತ್ತೇಳರ ಗಟ್ಟಿ ಹೆಂಗಸೊಬ್ಬಳ ನಾಳೆಯನ್ನು ನಿಲ್ಲಿಸಿದೆ, ಮತ್ತೆ. ನಾಚಿಕೆಯಾಗಬೇಕಾದವರಿಗೆ ಆಗುವುದಿಲ್ಲ. ಆಗುವುದು ವಾರ್ಸಿನಿಗೆ. ಬೆಳಿಗ್ಗೆ ಎದ್ದ ಕೂಡಲೇ, ಮುಖ ತೊಳೆಯುವುದಕ್ಕೂ ಮೊದಲು, ಅವಳು ಮುದುಕನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಾಳಂತೆ. ಬೇಡವೆಂದರೂ ಕೈ ಹೋಗುತ್ತದಂತೆ.

ಅವನಿಗೆ ಅದು ಗೊತ್ತು. ಕಣ್ಣು ತೆರೆಯದೆಯೇ ಹೇಳುತ್ತಾನೆ:

"ಇದೀನಿ, ಇದೀನಿ. ಹೋಗು, ಗಂಜಿ ಇಡು."